ಮುಚ್ಚಿಟ್ಟ ಬೆಳಗು

ಬೆಳಗನ್ನು ಭರಣಿಯಲ್ಲಿ ತುಂಬಿಡುವ ರಾಜ್ಯವೊಂದಿತ್ತು. ನಗಬೇಡಿ. ಉಪ್ಪಿನಕಾಯಿ ತುಂಬಿಡಬಹುದಾದರೆ ಬೆಳಗನ್ನು ಯಾಕೆ ತುಂಬಿಡಬಾರದು?

ಆ ರಾಜ್ಯದಲ್ಲಿ ಕಂದಾಯವೆಂದರೆ ಬೆಳಗು. ಪ್ರತಿ ಮನೆಯೂ ವರ್ಷಕ್ಕೊಂದು ಬೆಳಗನ್ನು ಅರಮನೆಗೆ ಕೊಡಬೇಕಿತ್ತು. ಕೊಡುವ ಕ್ರಮ ಹೀಗೆ. ಕೋಳಿ ಕೂಗುವ ಮುಂಚೆ ಹೊಸಿಲ ಬಳಿ ಒಂದು ಮಣ್ಣಿನ ಭರಣಿ ಇಡಬೇಕು. ಮನೆಯವರಲ್ಲಿ ಒಬ್ಬರು ಅದರ ಪಕ್ಕ ಕಣ್ಣು ಮುಚ್ಚಿ ಕೂರಬೇಕು. ಮೂಡಣ ಕೆಂಪಾಗುತ್ತಿದ್ದಂತೆ ಬೆಳಗು ಮೆಲ್ಲಗೆ ಭರಣಿಗೆ ಇಳಿಯುತ್ತದೆ. ಹಕ್ಕಿಯ ದನಿ, ಒಲೆಯ ಹೊಗೆ, ಹುಲ್ಲಿನ ಮೇಲಿನ ಇಬ್ಬನಿ ಎಲ್ಲವೂ ಅದರ ಜೊತೆಗೇ ಇಳಿಯುತ್ತವೆ. ತುಂಬಿದ ಮೇಲೆ ಬಾಯಿಗೆ ಬಟ್ಟೆ ಕಟ್ಟಿ ಜೇನುಮೇಣ ಬಳಿದರೆ ಆಯಿತು. ಕೂತವರಿಗೆ ಮಾತ್ರ ಆ ದಿನ ಬೆಳಗೇ ಇಲ್ಲ. ಕಣ್ಣು ಬಿಟ್ಟರೆ ನೆತ್ತಿಯ ಮೇಲೆ ಸೂರ್ಯ.

ಇಷ್ಟೆಲ್ಲ ಯಾತಕ್ಕೆ ಎನ್ನುತ್ತೀರೋ? ಆ ರಾಜ್ಯದಲ್ಲಿ ದೊಡ್ಡ ವಿದ್ಯೆ ತಲೆಗೆ ಹತ್ತುತ್ತಿದ್ದುದು ಬೆಳಗಿನ ಹೊತ್ತು ಮಾತ್ರ. ಉಳ್ಳವರ ಮಕ್ಕಳಿಗೆ ಬೆಳಗಿಗೇನು ಬರ? ಎದ್ದರು, ಮುಖ ತೊಳೆದರು, ಓದಿದರು. ದುಡಿದು ಉಣ್ಣುವವರ ಮಕ್ಕಳ ಬೆಳಗು ಮಾತ್ರ ಹೊಟ್ಟೆಪಾಡಿಗೇ ಹೋಗುತ್ತಿತ್ತು. ಅಂಥ ಮಕ್ಕಳಿಗೆಂದು ಹಿಂದೆ ಯಾವಾಗಲೋ ಒಬ್ಬ ರಾಣಿ ಈ ಬೆಳಗಿನ ಉಗ್ರಾಣ ಕಟ್ಟಿಸಿದ್ದಳು. ಅಲ್ಲಿಂದ ತಂದ ಭರಣಿಯ ಮೇಣ ಬಿಡಿಸಿದರೆ ಸಾಕು. ಬಿಡಿಸಿದವರಿಗೆ ಅಂದು ಇನ್ನೊಮ್ಮೆ ಬೆಳಗಾಗುತ್ತಿತ್ತು.

ಉಗ್ರಾಣದಲ್ಲಿ ಎರಡು ಬಗೆಯ ಭರಣಿಗಳಿದ್ದವು. ಬಿಳಿ ಪಟ್ಟೆಯದು ಕೊಡುಗೆ. ಅದನ್ನು ತಿರುಗಿ ಕೊಡಬೇಕಿರಲಿಲ್ಲ. ಕೆಂಪು ಪಟ್ಟೆಯದು ಸಾಲ. ಕಲಿತು, ತನ್ನ ಕಾಲ ಮೇಲೆ ನಿಂತ ನಂತರ, ತನ್ನದೇ ಬೆಳಗು ತುಂಬಿ ಅದನ್ನು ಹಿಂದಿರುಗಿಸಬೇಕು. ಬಿಳಿಯವು ಯಾವಾಗಲೂ ಕಡಿಮೆಯೇ. ಎಂಥ ಬಡವರಿಗೂ ಅರ್ಧ ದಾರಿಗೆ ಸಾಲುವಷ್ಟೇ ಸಿಗುತ್ತಿದ್ದವು. ಮಿಕ್ಕ ಅರ್ಧ ದಾರಿಯನ್ನು ಕೆಂಪು ಭರಣಿಯಿಂದಲೇ ನಡೆಯಬೇಕಿತ್ತು.

ಇನ್ನು ಕಥೆಗೆ ಬರೋಣ.

ಕಡಲ ಬದಿಯಲ್ಲಿ ಉಪ್ಪು ಬೆಳೆಯುವ ಒಂದು ಊರು. ಆ ಊರಿನವರು ಉಪ್ಪುನೀರನ್ನು ಪಾತಿಗಳಿಗೆ ಬಿಟ್ಟು ಒಣಗಿಸಿ, ಬಿಸಿಲು ಏರುವ ಮುಂಚೆ ಉದ್ದ ಹಿಡಿಯ ಹಲಗೆಯಿಂದ ಉಪ್ಪು ಎಳೆದು ರಾಶಿ ಹಾಕುತ್ತಿದ್ದರು. ಆಗರ ಎಂದು ಆ ಬಯಲಿನ ಹೆಸರು. ನೆಲವೂ ಬಿಳಿ, ರಾಶಿಯೂ ಬಿಳಿ, ಮೇಲೆ ಉರಿಬಿಸಿಲು. ಆ ಬಿಳುಪನ್ನು ದಿಟ್ಟಿಸಿ ದಿಟ್ಟಿಸಿ ಊರಿನವರ ಕಣ್ಣಿಗೆ ಬೇಗ ಪೊರೆ ಬರುತ್ತಿತ್ತು. ಮೊಮ್ಮಕ್ಕಳ ಮುಖ ನೋಡಿದ ಅಜ್ಜಿಯರು ಆ ಊರಲ್ಲಿ ಅಪರೂಪ.

ಆ ಊರಲ್ಲಿ ಮಾದೇವಿ ಎಂಬ ಹೆಂಗಸು, ಅವಳ ಒಬ್ಬಳೇ ಮಗಳು ತುಳಸು. ಮಾದೇವಿಗೂ ಎಡಗಣ್ಣಿನಲ್ಲಿ ಪೊರೆ ಕಾಣಿಸಿಕೊಂಡಿತು. ಘಟ್ಟದ ಮೇಲಿನ ಪಟ್ಟಣದಲ್ಲಿ ಕಣ್ಣಿನ ವೈದ್ಯವಿದ್ಯೆ ಕಲಿಸುವ ಶಾಲೆಯಿದೆ ಎಂದು ತುಳಸು ಕೇಳಿದ್ದಳು. ಪೊರೆ ತೆಗೆಯುವ ಸೂಜಿಯ ಕೆಲಸವನ್ನೂ ಅಲ್ಲಿ ಕಲಿಸುತ್ತಾರಂತೆ.

"ನಾನು ಕಲ್ತು ಬರ್ತೆ ಅವ್ವಾ. ನಿನ್ನ ಕಣ್ಣು ಪೂರ್ತಿ ಮುಚ್ಚೂದ್ರೊಳಗೆ ಬರ್ತೆ" ಎಂದಳು.

ಮಾದೇವಿ ಅಡ್ಡಿ ಮಾಡಲಿಲ್ಲ. ದಾರಿಗೆ ಅವಲಕ್ಕಿ ಕಟ್ಟಿಕೊಟ್ಟಳು. ಒಂದು ಬುದ್ಧಿಮಾತನ್ನೂ ಕಟ್ಟಿದಳು. "ಬಿಳಿದು ತಗೋ. ಕೆಂಪಿನ ತಂಟೆ ಬೇಡ ಮಗಾ. ಸಾಲ ಹೊತ್ತವರ ತಲೆ ಮೇಲೇಳೂದಿಲ್ಲ."

"ಬಿಳಿದು ಮುಗ್ದು ಹೋದ್ರೆ?"

ಮಾದೇವಿ ಅವಲಕ್ಕಿಯ ಗಂಟನ್ನು ಮಗಳ ಕೈಗಿಟ್ಟಳು. "ತಗೊಳ್ಳಲೇಬೇಕು ಅಂತಾದ್ರೆ ತಗೋ. ಆದ್ರೆ ಜೋಪಾನ. ನಮ್ಮನೆಯಿಂದ ಎರವಲು ಪಾತ್ರೆ ಯಾವತ್ತೂ ಬರಿದಾಗಿ ವಾಪಸ್ ಹೋಗ್ಲಿಲ್ಲ."

ಅದು ಆ ಊರಿನ ಪದ್ಧತಿ. ನಿಮ್ಮ ಮನೆಯಲ್ಲೂ ಇರಬೇಕು. ಪಕ್ಕದ ಮನೆಯಿಂದ ಪಾತ್ರೆಯಲ್ಲಿ ಪಾಯಸ ಬಂದರೆ ಪಾತ್ರೆ ತೊಳೆದು ಬರಿದೇ ಕೊಡುವುದಿಲ್ಲ. ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ಒಳ್ಳೆಯ ಮಾತನ್ನೂ ತಪ್ಪು ಜಾಗದಲ್ಲಿ ನೆಟ್ಟರೆ ಮುಳ್ಳು ಬಿಡುತ್ತದೆ.

ತುಳಸು ಘಟ್ಟ ಹತ್ತಿದಳು. ಪಟ್ಟಣದಲ್ಲಿ ಅವಳಿಗೊಂದು ಛತ್ರದ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಅವಳ ಸ್ವಂತ ಬೆಳಗು ಅಲ್ಲಿನ ರುಬ್ಬುಗುಂಡಿನಲ್ಲೇ ಅರೆದು ಹೋಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಎರಡು ಹೊತ್ತಿನ ಊಟ, ಅಟ್ಟದ ಮೇಲೊಂದು ಚಾಪೆ. ಕೆಲಸ ಮುಗಿಸಿ ಕೈ ತೊಳೆದು, ಶಾಲೆಗೆ ಹೋಗಿ, ಬಿಳಿ ಪಟ್ಟೆಯ ಭರಣಿಯೊಂದನ್ನು ತೆರೆಯುತ್ತಿದ್ದಳು. ಆಗ ನಡುಹಗಲಿನಲ್ಲೇ ಅವಳಿಗೆ ಮತ್ತೊಮ್ಮೆ ಬೆಳಗಾಗುತ್ತಿತ್ತು.

ಎಂಥೆಂಥ ಬೆಳಗುಗಳು! ಒಂದರಲ್ಲಿ ಮಲ್ಲಿಗೆ ಕಟ್ಟುವವರ ಮನೆಯ ಘಮ. ಇನ್ನೊಂದರಲ್ಲಿ ಯಾರೋ ಮಗುವನ್ನು ಎಬ್ಬಿಸುತ್ತಿರುವ ದನಿ. ಮತ್ತೊಂದರಲ್ಲಿ ನೇಕಾರರ ಮಗ್ಗದ ಸದ್ದು, ಮಗ್ಗದ ಮೇಲೆ ಬಿದ್ದ ಎಳೆಬಿಸಿಲು. ಆ ಬೆಳಕಿನಲ್ಲಿ ಕೂತು ಓದಿದರೆ ಒಮ್ಮೆ ಓದಿದ್ದು ಮರೆಯುತ್ತಿರಲಿಲ್ಲ. ಕಣ್ಣಿನ ನರಗಳ ಹೆಸರು, ಸೊಪ್ಪುಗಳ ಗುಣ, ಅಂಜನ ಅರೆಯುವ ಹದ ಎಲ್ಲವೂ ಅವಳಿಗೆ ಹತ್ತಿದವು. ತುಳಸು ಸುಖವಾಗಿದ್ದಳು.

ಬಿಳಿ ಭರಣಿಗಳು ಮುಗಿದವು. ಸೂಜಿಯ ಕೆಲಸ ಇನ್ನು ಶುರುವಾಗಬೇಕಿತ್ತು.

ತುಳಸು ಉಗ್ರಾಣಕ್ಕೆ ಹೋದಳು. ಅಲ್ಲಿನ ಉಗ್ರಾಣಿ ಪರಮಯ್ಯ ಎಂಬ ಮುದುಕ ಗಾಡಿಯ ತುಂಬ ಕೆಂಪು ಭರಣಿಗಳನ್ನು ಪೇರಿಸಿ ಕಳಿಸಿದ. ಅವಳು ಅವನ್ನು ಅಟ್ಟದ ಮೇಲೆ ಒಂದರ ಪಕ್ಕ ಒಂದು ಜೋಡಿಸಿದಳು. ಗೋಣಿ ಹೊದಿಸಿದಳು. ಒಂದರ ಮೇಣವನ್ನೂ ಮುಟ್ಟಲಿಲ್ಲ. ತೀರಾ ಬೇಕಾದಾಗ ತೆರೆದರಾಯಿತು, ಆದಷ್ಟು ಉಳಿಸಿ ಹಾಗೇ ತಿರುಗಿಸಿದರೆ ಅವ್ವನ ಮಾತೂ ಉಳಿಯುತ್ತದೆ ಎಂದುಕೊಂಡಳು.

ಕೆಟ್ಟು ಹೋದರೆ ಎಂಬ ಯೋಚನೆ ಅವಳಿಗೆ ಬರಲಿಲ್ಲವೇ ಎಂದರೆ, ಬರಲಿಲ್ಲ. ಉಪ್ಪಿನ ಊರಿನ ಹುಡುಗಿ ಅವಳು. ಉಪ್ಪನ್ನು ಎಷ್ಟು ಕಾಲ ಇಟ್ಟರೂ ಉಪ್ಪೇ. ಕಾಪಾಡಿ ಇಟ್ಟದ್ದು ಕೆಡುವುದಿಲ್ಲ ಎಂಬುದು ಆ ಊರಿನವರು ಹುಟ್ಟಿನಿಂದ ಕಂಡ ಸತ್ಯ.

ದಿನಗಳು ಹೋದವು. ಮಧ್ಯಾಹ್ನದ ಬಿಸಿಲಲ್ಲಿ ತುಳಸು ಪುಸ್ತಕ ಹಿಡಿದು ಕೂತಳು. ಓದಿದ್ದು ತಾವರೆ ಎಲೆಯ ಮೇಲಿನ ನೀರಿನ ಹಾಗೆ ಜಾರಿ ಹೋಯಿತು. ಸೂಜಿ ಹಿಡಿದರೆ ಕೈ ನಡುಗಿತು. ಜೊತೆಯವರು ಮುಂದೆ ಹೋದರು. "ನಿನ್ನ ಕೆಂಪು ಭರಣಿಗಳೆಲ್ಲಿ?" ಎಂದು ಗುರುಗಳು ಕೇಳಿದರೆ, "ಜೋಪಾನವಾಗಿವೆ" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಹೆಮ್ಮೆ ನೋಡಿ, ಅದು ಎಲ್ಲೆಲ್ಲಿ ಗೂಡು ಕಟ್ಟುತ್ತದೆ!

ಒಂದು ಸಂಜೆ ಊರಿನ ಉಪ್ಪಿನ ಗಾಡಿಯವನು ಛತ್ರಕ್ಕೆ ಬಂದ. "ನಿನ್ನ ಅವ್ವ ಈಗ ಬದುವನ್ನ ಕಾಲಲ್ಲಿ ತಡವಿ ನಡೀತಾಳೆ ತುಳಸು. ಉಪ್ಪಿನ ರಾಶಿ ಯಾವ್ದು, ಮೋಡ ಯಾವ್ದು ಗೊತ್ತಾಗೂದಿಲ್ಲ. ಎಡಗಣ್ಣು ಹೋದ ಹಾಗೇ. ಬಲಗಣ್ಣಿಗೂ ಪೊರೆ ಇಳೀತಾ ಉಂಟು" ಎಂದ.

ತುಳಸು ಅಟ್ಟ ಹತ್ತಿ ಪುಸ್ತಕಗಳನ್ನು ಕಟ್ಟಿಟ್ಟಳು. ಅರ್ಧ ಕಲಿತ ವಿದ್ಯೆಯಿಂದ ಅವ್ವನ ಕಣ್ಣು ಮುಟ್ಟುವಂತಿಲ್ಲ. ಇನ್ನು ಇಲ್ಲಿದ್ದು ಪ್ರಯೋಜನವಿಲ್ಲ, ಊರಿಗೆ ಹೋಗಿ ಅವ್ವನ ಕೈ ಹಿಡಿದು ನಡೆಸುವುದೇ ಉಳಿದಿರುವುದು ಎಂದುಕೊಂಡಳು. ಮಾರನೆಯ ದಿನ ಭರಣಿಗಳನ್ನೆಲ್ಲ ಗಾಡಿಗೇರಿಸಿ ಉಗ್ರಾಣಕ್ಕೆ ಹೋದಳು.

"ತಗೊಳ್ಳಿ ಪರಮಯ್ಯನವರೇ. ಒಂದನ್ನೂ ಬರಿದು ಮಾಡ್ಲಿಲ್ಲ. ಹೇಗೆ ಕೊಟ್ರೋ ಹಾಗೇ ಇವೆ."

ಪರಮಯ್ಯ ಭರಣಿಗಳನ್ನು ನೋಡಿದ, ಅವಳನ್ನು ನೋಡಿದ. ಗಾಡಿಯ ಮುಂದಿನ ಸಾಲಿನ ಒಂದು ಭರಣಿಯ ಮೇಣ ಬಿಡಿಸಿದ. ಒಳಗಿಂದ ಬೆಳಕು ಬರಲಿಲ್ಲ. ಮುಗ್ಗಲು ವಾಸನೆಯ ಸೆಕೆ ಬಂತು, ಅಷ್ಟೇ. ಇನ್ನೊಂದನ್ನು ಬಿಡಿಸಿದ. ಅದೂ ಹಾಗೇ.

ಮೂರನೆಯದರಲ್ಲಿ ಸ್ವಲ್ಪ ಉಳಿದಿತ್ತು. ತೆಳ್ಳಗಿನ, ನೆನಪಾಗಿಯೂ ಆಗದ ಕನಸಿನಂಥ ಬೆಳಕು. ಅದರಲ್ಲಿ ಗಂಜಿ ಕುದಿಯುವ ಪರಿಮಳ. ದೂರದಲ್ಲಿ ಹಲಗೆಯಿಂದ ಉಪ್ಪು ಎಳೆಯುವ ಸರಸರ ಸದ್ದು. ಯಾರೋ ಗಂಟಲಲ್ಲೇ ಒಂದು ರಾಗ ಗುನುಗುತ್ತಿದ್ದರು. ಆ ರಾಗಕ್ಕೆ ಶಬ್ದಗಳಿರಲಿಲ್ಲ. ತುಳಸು ಅದನ್ನು ಕೇಳುತ್ತಲೇ ಬೆಳೆದಿದ್ದಳು. ಅದು ಅವಳ ಅವ್ವ ಒಲೆಯ ಮುಂದೆ ಕೂತಾಗ ಹಾಡಿಕೊಳ್ಳುತ್ತಿದ್ದ ರಾಗ.

ಮಾದೇವಿ ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಕಂದಾಯಕ್ಕೆಂದು ಕೊಟ್ಟ ಬೆಳಗು ಅದು. ಎಳೆಬಿಸಿಲು ಬಿದ್ದು ಉಪ್ಪಿನ ರಾಶಿಗಳು ಇನ್ನೇನು ಗುಲಾಬಿ ಬಣ್ಣಕ್ಕೆ ತಿರುಗಬೇಕು, ಅಷ್ಟರಲ್ಲಿ ಬೆಳಕು ಒಮ್ಮೆ ನಡುಗಿ ಆರಿಹೋಯಿತು. ತುಳಸು ಎರಡೂ ಕೈಯಿಂದ ಭರಣಿಯನ್ನು ತಬ್ಬಿಕೊಂಡಳು. ಒಳಗೆ ಏನೂ ಉಳಿದಿರಲಿಲ್ಲ. ಅವಳು ಚಿಕ್ಕ ಮಗುವಿನ ಹಾಗೆ ಗೋಳೋ ಎಂದು ಅತ್ತಳು.

"ಅವ್ವ ನೋಡ್ಬಹುದಾಗಿದ್ದ ಬೆಳಗು ಇದು. ಈಗ ಅವಳಿಗೆ ಬೆಳಗೇ ಕಾಣೂದಿಲ್ಲ. ನಾನು ಇದನ್ನ ಗೋಣಿ ಕೆಳಗೆ ಇಟ್ಟಿದ್ದೆ."

ಪರಮಯ್ಯ ಅವಳ ಕೈಯಿಂದ ಬರಿದಾದ ಭರಣಿಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಹೇಳಿದ, "ಉಪ್ಪು ಕೆಡೂದಿಲ್ಲ ಮಗಳೇ. ಈ ಉಗ್ರಾಣದ ತಂಪು ಬಿಟ್ಟು ಹೊರಗೆ ಹೋದ ಬೆಳಗು ಬೇಗ ಕೆಡ್ತದೆ. ನೀನು ಇದನ್ನ ಉಳಿಸ್ಲಿಲ್ಲ. ಕೊಟ್ಟವಳಿಗೂ ಇಲ್ಲ, ನಿನಗೂ ಇಲ್ಲ ಅನ್ನೋ ಹಾಗೆ ಮಾಡಿದೆ. ಕೆಟ್ಟು ಹೋದದ್ದಕ್ಕೂ ಲೆಕ್ಕ ಉಂಟು, ಅದನ್ನೂ ತಿರುಗಿ ಕೊಡ್ಬೇಕು."

"ಪಾತ್ರೆ ಬರಿದಾಗಿ ಕೊಡಬಾರದು ಅಂತ ಅವ್ವ ಹೇಳಿದ್ಲು."

"ಸರಿಯಾಗೇ ಹೇಳಿದ್ಲು. ತುಂಬಿಸಿ ಕೊಡು. ಆದ್ರೆ ತುಂಬಿಸ್ಬೇಕಾದ್ರೆ ಮೊದ್ಲು ಅದು ಬರಿದಾಗ್ಬೇಕಲ್ಲ!"

ತುಳಸು ಮೂಗು ಒರೆಸಿಕೊಂಡಳು. ಪರಮಯ್ಯ ಹಿಂದಿನ ಸಾಲುಗಳ ಭರಣಿಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ನೋಡಿದ. "ಇವುಗಳಲ್ಲಿ ಹಕ್ಕಿ ಇನ್ನೂ ಕೂಗ್ತಾ ಉಂಟು" ಎಂದ. "ಊರಿಗೆ ಆಮೇಲೆ ಹೋಗು. ಇವತ್ತೇ ಒಂದನ್ನ ತೆರೆ."

ಅವಳು ಅಂದೇ ತೆರೆದಳು. ಮರುದಿನ ಇನ್ನೊಂದು, ಅದರ ಮರುದಿನ ಮತ್ತೊಂದು. ಪ್ರತಿ ಭರಣಿ ತೆರೆಯುವಾಗಲೂ, "ಯಾರೋ ಏನೋ, ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದು ಕೈ ಮುಗಿಯುತ್ತಿದ್ದಳು. ಕುಂಬಾರರ ಬೆಳಗಿನಲ್ಲಿ ಸೂಜಿ ಹಿಡಿಯುವುದನ್ನು ಕಲಿತಳು. ಅಗಸರ ಬೆಳಗಿನಲ್ಲಿ ಕೈ ನಡುಗದಂತೆ ಉಸಿರು ಬಿಗಿಹಿಡಿಯುವುದನ್ನು ಕಲಿತಳು. ಅವಳು ಎಂದೂ ಕಾಣದ ಯಾವುದೋ ಹಳ್ಳಿಯ ಮಂಜುಮಂಜಾದ ಬೆಳಗಿನಲ್ಲಿ, ಮೊದಲ ಸಲ, ಒಬ್ಬ ಮುದುಕನ ಕಣ್ಣಿನ ಪೊರೆ ತೆಗೆದಳು.

ವಿದ್ಯೆ ಮುಗಿಸಿ ತುಳಸು ಊರಿಗೆ ಬಂದಾಗ ಮಾದೇವಿಗೆ ಎರಡು ಕಣ್ಣೂ ಕಾಣುತ್ತಿರಲಿಲ್ಲ. ತುಳಸು ಎಡಗಣ್ಣನ್ನು ಪರೀಕ್ಷಿಸಿದಳು. ಅದಕ್ಕೆ ಕಾಲ ಮೀರಿತ್ತು. ಗೋಣಿಯ ಕೆಳಗೆ ಎಷ್ಟು ಬೆಳಗು ಕೆಟ್ಟು ಹೋದವೋ ಅಷ್ಟು ದಿನ ಮುಂಚೆ ಬಂದಿದ್ದರೆ ಉಳಿಯುತ್ತಿತ್ತು. ಅದನ್ನು ಅವಳು ಅವ್ವನಿಗೆ ಮುಚ್ಚಿಡದೆ ಹೇಳಿದಳು. ಬಲಗಣ್ಣಿಗೆ ಸೂಜಿ ಮುಟ್ಟಿಸಿದಳು.

ಕಟ್ಟು ಬಿಚ್ಚಿದ ದಿನ ಮಾದೇವಿ ತುಂಬ ಹೊತ್ತು ಮಗಳ ಮುಖವನ್ನೇ ನೋಡಿದಳು. "ಬಡಕಲಾಗಿದ್ದೀ" ಎಂದಳು. ಇಬ್ಬರೂ ಅತ್ತರು.

ಆಮೇಲೆ ಮಾದೇವಿ ಕೇಳಿದಳು, "ಕೆಂಪಿನದು ಎಷ್ಟು ಉಂಟು?"

"ತುಂಬ ಉಂಟು ಅವ್ವಾ. ಕೊಡ್ತಾ ಹೋಗ್ಬೇಕು."

"ತಲೆ ಮೇಲೇಳೂದಿಲ್ಲ ಅಂದಿದ್ದೆ ನಾನು. ನನ್ನ ತಲೆಯನ್ನೇ ಎತ್ತಿ ನಿಲ್ಸಿದೆ ನೀನು. ಕೊಡುವಾ ಮಗಾ. ನಾಳೆಯಿಂದ್ಲೇ ಕೊಡುವಾ."

ಮರುದಿನ ಕೋಳಿ ಕೂಗುವ ಮುಂಚೆ ತುಳಸು ಹೊಸಿಲ ಬಳಿ ಕೆಂಪು ಪಟ್ಟೆಯ ಭರಣಿ ಇಟ್ಟು ಕಣ್ಣು ಮುಚ್ಚಿ ಕೂತಳು. ಮಾದೇವಿ ಪಕ್ಕದಲ್ಲೇ ಕೂತಳು. ಅವಳ ಕಣ್ಣು ತೆರೆದಿತ್ತು. ಮೂಡಣ ಬಣ್ಣ ಬದಲಿಸುತ್ತಿದ್ದಂತೆ, ಕಣ್ಣು ಮುಚ್ಚಿದ ಮಗಳಿಗೆ ಅವಳು ಒಂದೊಂದಾಗಿ ಹೇಳತೊಡಗಿದಳು. "ಬೆಳ್ಳಕ್ಕಿ ಬಂತು ನೋಡು. ನೀರಿನ ಮೇಲೆ ಬೆಳಕು ಬಿತ್ತು. ಈಗ ರಾಶಿ ಗುಲಾಬಿ ಆಗ್ತಾ ಉಂಟು ಮಗಾ, ಆಗ್ತಾ ಉಂಟು."

ಎಷ್ಟೋ ಕಾಲದ ಮೇಲೆ, ಕಡಲಿನಿಂದ ಬಹು ದೂರದ ಒಂದು ಊರಲ್ಲಿ, ಗಾಣದವರ ಮನೆಯ ಹುಡುಗಿಯೊಬ್ಬಳು ಓದಲು ಕೂತು ಒಂದು ಕೆಂಪು ಭರಣಿಯ ಮೇಣ ಬಿಡಿಸಿದಳು. ಕಡಲನ್ನೇ ಕಾಣದ ಆ ಹುಡುಗಿಯ ತುಟಿಗೆ ಉಪ್ಪಿನ ರುಚಿ ತಾಗಿತು. ಯಾರೋ ಒಬ್ಬ ತಾಯಿ ಯಾರಿಗೋ ಬೆಳಗನ್ನು ಬಣ್ಣಿಸುತ್ತಿದ್ದಳು. ಹುಡುಗಿ ಸ್ವಲ್ಪ ಹೊತ್ತು ಬೆರಗಾಗಿ ಕೇಳಿದಳು. ಆಮೇಲೆ ಪುಸ್ತಕ ತೆರೆದಳು.

ನೀತಿ: ಓದಿಗೆಂದು ನಾಡು ಕೊಡುವ ನೆರವು, ಕೊಡುಗೆಯಾಗಿರಲಿ ಸಾಲವಾಗಿರಲಿ, ನಮಗೆ ಗೊತ್ತಿಲ್ಲದ ಯಾರೋ ತಮ್ಮ ಬಾಳಿನಿಂದ ತೆಗೆದುಕೊಟ್ಟದ್ದು. ಅಂಜಿ ಮುಚ್ಚಿಟ್ಟರೆ ಅದು ಕೆಡುತ್ತದೆ. ಅದರಿಂದ ಮನಸ್ಸಿಟ್ಟು ಕಲಿಯಬೇಕು, ಕಲಿತ ಮೇಲೆ ಮರೆಯದೆ ತುಂಬಿಸಿ ಕೊಡಬೇಕು. ಆಗ ಇನ್ನೊಬ್ಬರ ಮನೆಯಲ್ಲೂ ಬೆಳಗಾಗುತ್ತದೆ.