ಕೇಳಿ ಕೇಳಿ ಬಂದ ಅಂಜಿಕೆ

ನಾಡುನಾಡಿನ ಜನರ ನಡೆನುಡಿ ಅರಿತು ಬರಲು ಮರುಳಾರ್ಯರು ಶಿಷ್ಯರನ್ನು ಊರೂರಿಗೆ ಕಳಿಸುತ್ತಿದ್ದರು. ಕಳಿಸುವಾಗ ಒಂದೇ ಸೂತ್ರ ಹೇಳಿಕೊಡುತ್ತಿದ್ದರು: "ಮನುಷ್ಯ ಅಂಜಿದ್ದನ್ನೇ ಪೂಜಿಸುತ್ತಾನೆ."

ಬೆಟ್ಟಕ್ಕೆ ಹೋದವನೂ ಕಡಲ ತಡಿಗೆ ಹೋದವನೂ ಅದನ್ನೇ ಕಂಡು ಬಂದರು.

ಕೇತಯ್ಯ ಹೋದದ್ದು ಹೊಳೆದಂಡೆಯ ಅಂಬಿಗರ ಕೇರಿಗೆ. ಮಳೆಗಾಲ ಮುಗಿಸಿ ಮರಳಿದವನಿಗೆ ಆಶ್ರಮದ ಬಾಗಿಲಲ್ಲಿ ಕಾಲೇ ಏಳಲಿಲ್ಲ. ಗುರುಗಳ ಎದುರು ಈ ಮಾತು ಆಡುವುದು ಹೇಗೆ?

"ಏನು ಕಂಡೆ?" ಗುರುಗಳು ಕೇಳಿದರು.

"ಹೊಸ ನೀರು ಬಂದಾಗ ಹೆಂಗಸರು ಹೊಳೆಗೆ ಉಡಿ ತುಂಬುತ್ತಾರೆ, ಗುರುಗಳೇ. ಯಾಕೆಂದು ಹರಿಗೋಲು ನಡೆಸುವ ಹೊಳೆವ್ವನನ್ನು ಕೇಳಿದೆ. 'ಮಗಳು ತವರಿಗೆ ಬಂದಾಳ್ರೀ, ಬರಿಗೈಲೆ ಕಳಸ್ತಾರೇನು?' ಅಂದಳು."

"ಅಂಜಿಕೆಯ ಮಾತು?"

"ಆಡಲೇ ಇಲ್ಲ. ನನಗೆ ದಿಗಿಲಾಯಿತು. ಎಲ್ಲರಿಗೂ ಕಂಡದ್ದು ನನಗೊಬ್ಬನಿಗೆ ಕಾಣದಿದ್ದರೆ ಕುರುಡು ನನ್ನದೇ ಅನ್ನಿಸಿತು. ಮತ್ತೆ ಮತ್ತೆ ಕೇಳಿದೆ. ಹೊಳೆ ನುಂಗಿದವರ ಹೆಸರು ಕೇಳಿದೆ. ಸುಳಿ ಎಲ್ಲಿ, ಹರಿಗೋಲು ಮಗುಚಿದರೆ ಏನು ಗತಿ ಅಂತ ಕೇಳಿದೆ."

"ಆಮೇಲೆ?"

"ಒಂದು ಬೆಳಿಗ್ಗೆ ಅವಳೇ ಬಂದು, 'ಹೌದ್ರೀ ಅಯ್ಯಾ, ಅಂಜಿಕಿ ಬರ್ತೈತಿ' ಅಂದಳು."

"ಉತ್ತರ ಸಿಕ್ಕಿತಲ್ಲ!"

"ಅಂದಿನಿಂದ ಅವಳು ಹರಿಗೋಲು ಹತ್ತಿಲ್ಲ, ಗುರುಗಳೇ. ಆಚೆ ದಡದಲ್ಲಿ ಬಾಣಂತಿ ಮಗಳಿದ್ದಾಳೆ. ಇವಳು ಈಚೆ ಕೂತು ಆ ಕಡೆ ನೋಡುತ್ತಾಳೆ. ಆ ಅಂಜಿಕೆ ಅಲ್ಲಿ ಮೊದಲೇ ಇತ್ತೋ, ನಾನೇ ಒಯ್ದದ್ದೋ?"

ಹೇಳಿದವನೇ ತಲೆ ತಗ್ಗಿಸಿದ. ಇನ್ನು ಆಶ್ರಮದಲ್ಲಿ ತನಗೆ ಜಾಗವಿಲ್ಲ ಎಂದುಕೊಂಡ.

ಗುರುಗಳು ಎದ್ದು, ಅಂಗಳ ದಾಟಿ, ಹೊಳೆಯ ದಾರಿ ಹಿಡಿದರು. ಕೇತಯ್ಯ ಹಿಂದೆಯೇ ಓಡಿದ.

ಹೊಳೆವ್ವ ದಂಡೆಯಲ್ಲೇ ಕೂತಿದ್ದಳು. ಬೋರಲು ಹಾಕಿದ್ದ ಹರಿಗೋಲನ್ನು ಗುರುಶಿಷ್ಯರಿಬ್ಬರೂ ಸೇರಿ ನೀರಿಗಿಳಿಸಿದರು. ಗುರುಗಳು ಅದರೊಳಗೆ ಕಾಲಿಟ್ಟರು. ಅವರ ಮೊಣಕಾಲು ಗಡಗಡ ನಡುಗುತ್ತಿತ್ತು. ಅಂಚು ಹಿಡಿದ ಬೆರಳು ಬಿಳಿಚಿದ್ದವು. ಕೇತಯ್ಯ ಅವರನ್ನು ಹಾಗೆ ಕಂಡದ್ದೇ ಇಲ್ಲ.

ಹೊಳೆವ್ವ ಎದ್ದು ನಿಂತಳು. "ನಿಮಗೂ ಅಂಜಿಕಿ ಏನ್ರೀ, ಅಜ್ಜಾರ?"

"ಸಣ್ಣಾಂವ ಇದ್ದಾಗಿಂದ ನೀರಂದ್ರ ಅಂಜಿಕಿ, ತಾಯಿ. ನನ್ನ ಅಂಜಿಕೀನ ಈ ಹುಡುಗ ತಿಳೀದ ನಿನ್ನ ಮನ್ಯಾಗ ಇಟ್ಟು ಬಂದಾನ. ಹುಟ್ಟು ಹಿಡಿಯವ್ವ. ಅದನ್ನ ವಾಪಸ್ ಒಯ್ಯಾಕ ಬಂದೀನಿ."