ಮೂರು ರಾಜರ ಹಬ್ಬದವರೆಗೆ

"ಗುರುಗಳೇ, ಯೇಸು ಹುಟ್ಟಿದ್ದು ಒಂದೇ ರಾತ್ರಿ. ಹಬ್ಬವನ್ನು ಮಾತ್ರ ಹನ್ನೆರಡು ದಿನ, ಮೂರು ರಾಜರ ಹಬ್ಬದವರೆಗೆ ಎಳೆಯುವುದೇಕೆ?" ಎಂದು ರಾಯಪ್ಪ ಕೇಳಿದ. ಅವನು ಹಿರಿಯ ಉಪದೇಶಿ ಚೌರಪ್ಪನವರ ಬಳಿ ಧರ್ಮೋಪದೇಶ ಕಲಿಯುತ್ತಿದ್ದ. ಹೊಸದಾಗಿ ಮದುವೆಯಾದವನು. ಕ್ರಿಸ್ಮಸ್ಸಿನ ಮರುದಿನವೇ ಶಿಶು ಯೇಸುವಿನ ಕೊಟ್ಟಿಗೆಯಂತೆ ಕಟ್ಟಿದ ಗೋದಲಿಯನ್ನು ಬಿಚ್ಚಿಡಲು ಹೋದಾಗ ಹೆಂಡತಿ ತಡೆದಿದ್ದಳು.

ಚೌರಪ್ಪನವರು ಹೇಳಿದರು:

ಒಬ್ಬ ಬಡಗಿ ಇದ್ದ. ಅವನಿಗೂ ನಿನ್ನ ಹಾಗೆಯೇ ಅನ್ನಿಸುತ್ತಿತ್ತು. ನೆಂಟರು ಹೊರಟ ಮೇಲೆ ಎಂಥ ಹಬ್ಬ, ಬೆಳಗಾದರೆ ಉಳಿ ಹಿಡಿಯಬೇಕು ಎನ್ನುವವನು. ಹೆಂಡತಿ ಜಗಳವಾಡುತ್ತಿರಲಿಲ್ಲ, ಒಪ್ಪುತ್ತಲೂ ಇರಲಿಲ್ಲ. ಹಗಲು ಕೆಲಸಕ್ಕೆ ಹೋದರೂ ಸಂಜೆ ನಕ್ಷತ್ರದ ದೀಪ ಹಚ್ಚುವುದನ್ನು ಮಾತ್ರ ಬಿಡುವಂತಿಲ್ಲ ಎಂದಳು. ನಕ್ಷತ್ರ ಹಿಡಿದು ಶಿಶು ಯೇಸುವನ್ನು ಕಾಣಲು ಬಂದ ಮೂವರು ರಾಜರ ಮಣ್ಣಿನ ಗೊಂಬೆಗಳನ್ನು ಹೊಸ್ತಿಲ ಬಳಿ ಇಟ್ಟಳು. ಮಕ್ಕಳು ದಿನವೂ ಪ್ರಾರ್ಥನೆಯಾದ ಮೇಲೆ ಅವರನ್ನು ಗೋದಲಿಯ ಕಡೆಗೆ ಒಂದು ಗೇಣು ಸರಿಸುತ್ತಿದ್ದರು; ಅವರ ಹಬ್ಬದ ದಿನ ರಾಜರು ಗೋದಲಿ ಸೇರಬೇಕು. ಕಜ್ಜಾಯ ಮುಗಿದ ಮೇಲೆ ಅವಲಕ್ಕಿಗೆ ಬೆಲ್ಲ ಕಲಸಿ ಕೊಡುತ್ತಿದ್ದಳು. ಬರಬರುತ್ತ ಬಡಗಿಯೂ ಹೊತ್ತಿಗೆ ಸರಿಯಾಗಿ ಮನೆ ಸೇರತೊಡಗಿದ. ಮಕ್ಕಳ ಹಾಡು ಕೇಳುತ್ತ ಕೂರುವುದು ಹಿತವೆನಿಸಿತು.

ಅವನಿಗೊಬ್ಬ ಅಣ್ಣ, ಹೊಳೆಯಾಚೆಯ ಊರಿನಲ್ಲಿ. ತಾಯಿಯನ್ನು ಮಣ್ಣು ಮಾಡಿದ ದಿನ, ಕೊನೆಗಾಲದಲ್ಲಿ ಅವಳನ್ನು ಯಾರು ನೋಡಿಕೊಂಡರು, ಯಾರು ನೋಡಿಕೊಳ್ಳಲಿಲ್ಲ ಎಂದು ಇಬ್ಬರ ನಡುವೆ ಮಾತಿಗೆ ಮಾತು ಬೆಳೆದಿತ್ತು. ಅಂದಿನಿಂದ ಇವನು ಅತ್ತ ಹೋಗಿರಲಿಲ್ಲ, ಅವನು ಇತ್ತ ಬಂದಿರಲಿಲ್ಲ.

ಮೂರು ರಾಜರ ಹಬ್ಬದ ಸಂಜೆ ಆ ಅಣ್ಣ ಬಂದ. ಮಗಳ ಮದುವೆ ನಿಶ್ಚಯವಾಗಿತ್ತು. ಚಿಕ್ಕಪ್ಪ ಬರದಿದ್ದರೆ ತಾನು ಚರ್ಚಿನ ಮೆಟ್ಟಿಲು ಹತ್ತುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ಕ್ರಿಸ್ಮಸ್ಸಿಗೆ ಹೋದರೆ ನಾಲ್ಕು ಜನರೆದುರು ಏನಾಗುವುದೋ ಎಂದು ಅಂಜಿ, ಎಲ್ಲ ಮುಗಿದ ಮೇಲೆ ಹೋದರಾಯಿತೆಂದು ಅವನು ಕಾದಿದ್ದ. ಅಂಗಳಕ್ಕೆ ಬಂದು ನೋಡಿದರೆ ದೀಪ ಉರಿಯುತ್ತಿದೆ, ಒಳಗೆ ಹಾಡು. ನೆಂಟರಿನ್ನೂ ಹೋಗಿಲ್ಲವೆಂದುಕೊಂಡು ಬಂದ ದಾರಿಗೇ ತಿರುಗಿದ.

ಬಡಗಿ ಅವನನ್ನು ಕಂಡ. ಹಳೆಯ ಮಾತು ಎದೆಯಲ್ಲಿ ಎದ್ದು ನಿಂತಿತು. ಸುಮ್ಮನಿದ್ದಿದ್ದರೆ ಸಾಕಿತ್ತು, ಅಣ್ಣ ಹೋಗಿಬಿಡುತ್ತಿದ್ದ. ಆದರೆ ತೊಡೆಯ ಮೇಲೆ ಕಿರಿಯ ಮಗಳಿದ್ದಳು, ಬಾಯಲ್ಲಿ ಬೆಲ್ಲದ ಸಿಹಿಯಿತ್ತು. ಎಷ್ಟೋ ದಿನಗಳಿಂದ ಮನಸ್ಸು ತಣ್ಣಗಿತ್ತು. ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಅವನು ಮಗುವನ್ನು ಇಳಿಸಿ ಹೊರಗೆ ಬಂದ.

"ಹಬ್ಬ ಕಳೆದು ಬಹಳ ದಿನವಾಯಿತು. ನಾನು ತಡಮಾಡಿದೆ," ಎಂದ ಅಣ್ಣ.

"ಒಳಗೆ ಬಾ. ರಾಜರೂ ಈಗಷ್ಟೇ ಬಂದರು," ಎಂದ ಬಡಗಿ.

ಹೆಂಡತಿ ಕಾಲಿಗೆ ನೀರು ಕೊಟ್ಟಳು. ಅಣ್ಣತಮ್ಮಂದಿರು ಅಕ್ಕಪಕ್ಕ ಕೂತು ಉಂಡರು. ತಾಯಿಯ ವಿಷಯವನ್ನು ಅಂದು ಇಬ್ಬರೂ ಎತ್ತಲಿಲ್ಲ. ಈಸ್ಟರ್ ಹಬ್ಬದ ನಂತರ ಮದುವೆ ನಡೆಯಿತು. ಮರುದಿನ ಇಬ್ಬರೂ ಕೂಡಿ ತಾಯಿಯ ಸಮಾಧಿಗೆ ಹೂವಿಟ್ಟು ಬಂದರು.

ಹಾಗಾದರೆ ಭಾವ ಬರುತ್ತಾರೆಂದು ಬಡಗಿಯ ಹೆಂಡತಿಗೆ ಮೊದಲೇ ಗೊತ್ತಿತ್ತೇ ಎಂದು ರಾಯಪ್ಪ ಕೇಳಿದ.

"ಬರುವ ದಿನ ಗೊತ್ತಿದ್ದರೆ, ಅದೊಂದು ದಿನ ದೀಪ ಹಚ್ಚಿದ್ದರೆ ಸಾಕಿತ್ತಲ್ಲ," ಎಂದರು ಚೌರಪ್ಪನವರು.