ಬದನೆ ತಲೆ ತಗ್ಗಿಸಿದ್ದು

ಆಗಿನ್ನೂ ಲೋಕ ಹೊಸದು ಮಗಾ. ಹೊಳೆಗಳು ಯಾವ ಕಡೆ ಹರಿಯಬೇಕೆಂದು ಗುಡ್ಡಗಳನ್ನು ದಾರಿ ಕೇಳುತ್ತಿದ್ದವು. ಗಾಳಿಗೆ ಮಾತು ಬರುತ್ತಿತ್ತು, ಮಣ್ಣಿಗೂ ಬರುತ್ತಿತ್ತು. ಆ ಕಾಲದಲ್ಲಿ ಬದನೆಕಾಯಿ ಗಿಡದ ಮೇಲೆ ತಲೆ ಎತ್ತಿ ನಿಲ್ಲುತ್ತಿತ್ತು.

ನಗಬೇಡ. ಬೆಂಡೆಕಾಯಿ ಈಗಲೂ ಹಾಗೇ ನಿಲ್ಲುತ್ತದಲ್ಲ, ಮೂತಿ ಆಕಾಶಕ್ಕೆ ಮಾಡಿಕೊಂಡು? ಬದನೆಯೂ ಹಾಗೇ ನಿಲ್ಲುತ್ತಿತ್ತು. ಮೈಯೆಲ್ಲ ಬೆಳ್ಳಗೆ, ನುಣ್ಣಗೆ. ತಲೆಯ ಮೇಲೆ ಟೊಪ್ಪಿ ಇರಲಿಲ್ಲ. ಮುಳ್ಳಂತೂ ಇರಲೇ ಇಲ್ಲ.

ಆಗ ಒಂದೂರಿನಲ್ಲಿ ಅಕ್ಕಪಕ್ಕದ ಮನೆಯಲ್ಲಿ ಇಬ್ಬರು ಹೆಂಗಸರಿದ್ದರು. ದೊಡ್ಡವಳು ಮಾದಕ್ಕ, ಚಿಕ್ಕವಳು ಚಿಕ್ಕೀರಮ್ಮ. ಇಬ್ಬರಿಗೂ ಮನೆ ಹಿಂದೆ ಹಿತ್ತಲು, ನಡುವೆ ಬೇಲಿ, ಬೇಲಿಯಲ್ಲಿ ಒಂದು ಕಂಡಿ. ಆ ಕಂಡಿಯಲ್ಲಿ ಒಂದು ಬಿದಿರ ಬುಟ್ಟಿ ವರ್ಷವಿಡೀ ಓಡಾಡುತ್ತಿತ್ತು.

ಮಳೆಗಾಲದಲ್ಲಿ ಮಾದಕ್ಕನ ಹೀರೆಕಾಯಿ ಈಚೆಗೆ ಬರುತ್ತಿತ್ತು, ಚಿಕ್ಕೀರಮ್ಮನ ಬದನೆಕಾಯಿ ಆಚೆಗೆ ಹೋಗುತ್ತಿತ್ತು. ಚಳಿಗಾಲದಲ್ಲಿ ಅವರೆಕಾಯಿ ಬರುತ್ತಿತ್ತು, ಮೂಲಂಗಿ ಹೋಗುತ್ತಿತ್ತು. ಬೇಸಿಗೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ದಂಟಿನ ಸೊಪ್ಪು. ಬುಟ್ಟಿ ಮಾತ್ರ ಬರಿದಾಗಿ ಹೋಗುವಂತಿಲ್ಲ, ಬರಿದಾಗಿ ಬರುವಂತಿಲ್ಲ. ಅದು ಆ ಎರಡು ಮನೆಯ ಪದ್ಧತಿ.

ಒಂದು ಮಳೆಗಾಲದಲ್ಲಿ ಗಾಳಿಗೆ ಅದೇನು ಹುಚ್ಚು ಹಿಡಿಯಿತೋ, ಮಾದಕ್ಕನ ಹೀರೆ ಚಪ್ಪರವನ್ನು ನೆಲಕ್ಕೆ ಕೆಡವಿ ಹೋಯಿತು. ಬಳ್ಳಿಗಳೆಲ್ಲ ಮುರಿದವು. ಮಾದಕ್ಕ ಬುಟ್ಟಿಗೆ ಉಳಿದಿದ್ದ ಎರಡು ಹೀರೆಕಾಯಿ ಹಾಕಿಕೊಂಡು ಕಂಡಿಯ ಹತ್ತಿರ ಬಂದಳು.

"ಚಿಕ್ಕೀರಿ, ನಾಳೆ ಬೀಗ್ರು ಬತ್ತಾವ್ರೆ. ಮಗಳ ಕೊಟ್ಟ ಮ್ಯಾಲೆ ಇದೇ ಮೊದಲ್ನೇ ಸಲ. ಎಣ್ಣೆಗಾಯಿ ಮಾಡ್ತೀನಿ ಅಂತ ಹೇಳಿ ಕಳಿಸ್ಬುಟ್ಟಿವ್ನಿ. ಒಂದು ಬುಟ್ಟಿ ಬದ್ನೆಕಾಯಿ ಕೊಡವ್ವ. ನೀನೂ ಊಟಕ್ಕೆ ಬರ್ಬೇಕು."

"ಅದ್ಕೇನಕ್ಕ, ಕಳಿಸ್ತೀನಿ," ಎಂದಳು ಚಿಕ್ಕೀರಮ್ಮ.

ಆ ಹೊತ್ತಿಗೆ ಅವಳ ಗಿಡಗಳಲ್ಲಿ ನಲವತ್ತು ಎಳೆಯ ಬದನೆಗಳು ತಲೆ ಎತ್ತಿ ನಿಂತಿದ್ದವು. ಚಿಕ್ಕೀರಮ್ಮ ಕೀಳಲು ಕೈ ಚಾಚಿದಳು, ಹಿಂದಕ್ಕೆ ಎಳೆದುಕೊಂಡಳು. ನಾಳೆ ಬೀಗರು ಬೇಲಿಯ ಮೇಲಿಂದ ಇಣುಕಿಯೇ ಇಣುಕುತ್ತಾರೆ. ಇದು ಯಾರ ಹಿತ್ತಲು ಎಂದು ಕೇಳುತ್ತಾರೆ. ಕಿತ್ತುಬಿಟ್ಟರೆ ನೋಡಲು ಏನಿರುತ್ತದೆ? ಅಷ್ಟೇ ಮಗಾ, ಅವಳ ಆಸೆ ಅಷ್ಟೇ ಸಣ್ಣದು.

ಹಿಂದಿನ ಸಾಲಿನಲ್ಲಿ ಹುಳ ಕೊರೆದ ಕಾಯಿಗಳಿದ್ದವು. ಹೊರಗೆ ಹೊಳೆಯುತ್ತಿದ್ದವು, ತೊಟ್ಟಿನ ಪಕ್ಕ ಮಾತ್ರ ಸಾಸಿವೆಯಷ್ಟು ತೂತು. ಅವುಗಳನ್ನು ಕಿತ್ತು, ತೂತು ಕೆಳಗೆ ಮಾಡಿ, ಬುಟ್ಟಿಯಲ್ಲಿ ಜೋಡಿಸಿದಳು.

"ಅಮ್ಮಾ, ನಮ್ಮೊಳಗೆ ಹುಳ ಐತೆ," ಎಂದಿತು ಒಂದು ಕಾಯಿ.

"ಸುಮ್ಕಿರು. ಮಾದಕ್ಕ ಹೆಚ್ಚಿ ತೆಗೀತಾಳೆ."

ಬದನೆಕಾಯಿ ಸುಮ್ಮನಾಯಿತು. ಕಂಡಿಯಲ್ಲಿ ಬುಟ್ಟಿ ಹಿಡಿದ ಮಾದಕ್ಕ, "ಎಷ್ಟು ಚೆಂದಾಗವೆ ನೋಡು," ಎಂದು ಒಂದೊಂದನ್ನೂ ಸವರಿದಳು. ಹೇಳಬೇಕಾದದ್ದು ಆಗಲಾದರೂ ಹೇಳಬಹುದಿತ್ತು. ಹೊಗಳಿಸಿಕೊಳ್ಳುವ ಹೊತ್ತಿನಲ್ಲಿ ಬಾಯಿ ಬಿಡುವುದು ಕಷ್ಟ. ಬದನೆ ಬಿಡಲಿಲ್ಲ, ಚಿಕ್ಕೀರಮ್ಮನೂ ಬಿಡಲಿಲ್ಲ.

ಮಾರನೆಯ ದಿನ ಬೀಗರು ಬಂದರು. ಊಟಕ್ಕೆ ಎಲೆ ಹಾಕಿದರು. ಚಿಕ್ಕೀರಮ್ಮನೂ ಒಂದು ಎಲೆಯ ಮುಂದೆ ಕೂತಳು. ಎಲೆಗೆ ಎಣ್ಣೆಗಾಯಿ ಬರಲಿಲ್ಲ. ಬಂದದ್ದು ಒಂದೊಂದು ಚಮಚ ಬದನೆಕಾಯಿ ಗೊಜ್ಜು. ಎಣ್ಣೆಗಾಯಿಗೆ ಇಡೀ ಕಾಯಿ ಬೇಕಲ್ಲ, ಮಗಾ. ಸೀಳಿದ ಕಾಯಲ್ಲೆಲ್ಲ ಹುಳ ಇದ್ದರೆ ಮಾದಕ್ಕ ಏನು ಮಾಡಿಯಾಳು? ಕೊರೆದದ್ದನ್ನೆಲ್ಲ ಬಿಸಾಡಿ, ಉಳಿದ ಚೂರಲ್ಲಿ ಗೊಜ್ಜು ಮಾಡಿದ್ದಳು.

ಬೀಗಿತ್ತಿ ಬಾಗಿಲಿನಾಚೆ ಕತ್ತು ಚಾಚಿ ನೋಡಿದಳು. "ಅದ್ಯಾರ ಹಿತ್ತಲು? ಬದ್ನೆಕಾಯಿ ಎಷ್ಟು ಚೆಂದಾಗಿ ನಿಂತವೆ."

"ನಮ್ಮ ಚಿಕ್ಕೀರೀದು. ಇವಳೇ ನೋಡಿ," ಎಂದಳು ಮಾದಕ್ಕ.

"ಮತ್ತೆ ಈ ಗೊಜ್ಜಿನ ಕಾಯಿ?"

ಚಿಕ್ಕೀರಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮಾದಕ್ಕ ಅವಳ ಕಡೆ ನೋಡಲೂ ಇಲ್ಲ.

"ಅದು ನನ್ನ ಹಿತ್ಲುದು. ಈ ಸಲ ಹುಳ ಬಿದ್ದೋಯ್ತು."

"ಪಕ್ಕದಲ್ಲೇ ಇಂಥ ಕಾಯಿ ಇದ್ವಲ್ಲ. ಕೇಳಿದ್ರೆ ಒಂದು ಬುಟ್ಟಿ ಕೊಡ್ತಿರಲಿಲ್ವ?"

"ಕೊಡ್ತಿದ್ಲು. ನಾನೇ ಕೇಳ್ನಿಲ್ಲ," ಎಂದು ಮಾದಕ್ಕ ಅನ್ನ ಬಡಿಸಲು ಮುಂದೆ ಹೋದಳು.

ಚಿಕ್ಕೀರಮ್ಮನಿಗೆ ಭೂಮಿ ಬಾಯಿ ಬಿಟ್ಟರೆ ಇಳಿದುಬಿಡಬೇಕು ಅನ್ನಿಸಿತು. ಬಯಸಿದ ಹೊಗಳಿಕೆ ಸಿಕ್ಕಿತ್ತು. ಎಲೆ ಮಡಚಿ ಎದ್ದು ಬಂದಳು.

ಸಂಜೆ ಕಂಡಿಯಲ್ಲಿ ಬುಟ್ಟಿ ಬಂದಿತ್ತು. ತೊಳೆದು, ಒಣಗಿಸಿ, ಚೊಕ್ಕಟ ಮಾಡಿದ ಬುಟ್ಟಿ. ಒಳಗೆ ಎರಡು ಹಿಡಿ ಅವರೆಬೀಜ. ಬಿತ್ತಲೆಂದು ಮಾದಕ್ಕ ಬೂದಿಯಲ್ಲಿ ಹೊರಳಿಸಿ ಎತ್ತಿಟ್ಟಿದ್ದ ಬೀಜ. ಅವಳ ಮನೆಯಲ್ಲಿ ಬೇರೆ ಏನೂ ಉಳಿದಿರಲಿಲ್ಲ, ಬುಟ್ಟಿಯನ್ನು ಬರಿದಾಗಿ ಕಳಿಸುವಂತಿರಲಿಲ್ಲ.

ಚಿಕ್ಕೀರಮ್ಮ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಬದನೆ ಗಿಡಗಳ ನಡುವೆ ಕೂತು ಅತ್ತಳು. ತಲೆ ಎತ್ತಿ ನಿಂತಿದ್ದ ನಲವತ್ತು ಬದನೆಗಳು ಬೇಲಿಯಾಚೆ ನೋಡಿದವು. ಅಲ್ಲಿ ತಿಪ್ಪೆಯ ಮೇಲೆ ತಮ್ಮ ಅಣ್ಣತಮ್ಮಂದಿರ ಚೂರುಗಳನ್ನು ಕೋಳಿಗಳು ಕೆದಕುತ್ತಿದ್ದವು.

ಮೊದಲು ಒಂದು ಬದನೆ ತಲೆ ತಗ್ಗಿಸಿತು. ಆಮೇಲೆ ಇನ್ನೊಂದು. ಹಾಗೇ ಎಲ್ಲವೂ ತಗ್ಗಿಸಿದವು. ನಾಚಿಕೆಗೆ ಅವುಗಳ ಮೈ ಕಪ್ಪಿಟ್ಟು ನೇರಳೆ ಬಣ್ಣಕ್ಕೆ ತಿರುಗಿತು. ಕೆಲವು ಹಸಿರಿಗೆ ತಿರುಗಿ ಅಲ್ಲಿಗೇ ನಿಂತವು, ಆದರೆ ತಲೆ ಎತ್ತಿದ್ದು ಒಂದೂ ಇಲ್ಲ.

"ಮಣ್ಣವ್ವ, ಮುಖ ಮುಚ್ಚಿಕೊಳ್ಳೋಕೆ ಏನಾದ್ರೂ ಕೊಡು," ಎಂದವು.

ಮಣ್ಣು ಒಂದೊಂದಕ್ಕೂ ಹಸಿರು ಟೊಪ್ಪಿ ಕೊಟ್ಟಿತು. "ಇನ್ನೇನು ಬೇಕು?"

"ಟೊಪ್ಪಿಗೆ ಮುಳ್ಳು ಬೇಕು. ನಮ್ಮನ್ನು ಕೀಳೋ ಕೈಗೆ ಒಂದಿಷ್ಟು ಚುಚ್ಚಲಿ. ಯಾರಿಗೆ ಎಂಥದ್ದು ಕೊಡ್ತಾ ಇದ್ದೀನಿ ಅಂತ ಆ ಕೈ ಒಂದು ಗಳಿಗೆ ನಿಲ್ಲಲಿ."

ಮಣ್ಣು ಮುಳ್ಳನ್ನೂ ಕೊಟ್ಟಿತು.

ಚಿಕ್ಕೀರಮ್ಮ ಅವರೆಬೀಜ ಬಿತ್ತಿದಳು. ದಿನಾ ನೀರು ಹಾಕಿದಳು, ದಿನಾ ಬೇಲಿಯಾಚೆ ನೋಡಿದಳು. ಕಂಡಿ ಹತ್ತು ಹೆಜ್ಜೆ ದೂರ. ಹೋಗಿ ಒಂದು ಮಾತು ಹೇಳಲು ಅವಳಿಗೆ ಮಳೆಗಾಲ ಕಳೆದು ಚಳಿಗಾಲವೇ ಬರಬೇಕಾಯಿತು. ಸೊಗಡು ತುಂಬಿದ ಅವರೆಕಾಯಿ ಬಿಟ್ಟವು. ಒಂದು ಕಾಯನ್ನೂ ತನಗೆ ಇಟ್ಟುಕೊಳ್ಳದೆ ಬುಟ್ಟಿ ತುಂಬಿ ಕಂಡಿಗೆ ಹೋದಳು.

"ಮಾದಕ್ಕ, ಅವತ್ತು ಒಳ್ಳೇ ಕಾಯಿ ಇಟ್ಕಂಡು ಹುಳುಕು ಕೊಟ್ಟೆ. ಗೊತ್ತಿದ್ದೇ ಕೊಟ್ಟೆ."

"ನಂಗೂ ಗೊತ್ತಿತ್ತು ಕಣವ್ವ."

"ಮತ್ತೆ ಬೀಗ್ರ ಮುಂದೆ ನಿನ್ನದು ಅಂದ್ಯಲ್ಲ."

"ಅವರು ಉಂಡು ಎದ್ದು ಹೋಗೋರು. ನಾವಿಬ್ರು ಇಲ್ಲೇ ಇರೋರು," ಎಂದಳು ಮಾದಕ್ಕ. ಅವರೆಕಾಯಿಯನ್ನು ಸುರಿದುಕೊಂಡು, ಬುಟ್ಟಿಯ ತಳಕ್ಕೆ ಒಂದು ಹಿಡಿ ದಂಟಿನ ಸೊಪ್ಪು ಹಾಕಿ ವಾಪಸು ಕೊಟ್ಟಳು.

ಚಿಕ್ಕೀರಮ್ಮ ಓಡಿಬಂದು ಬದನೆಗಳಿಗೆ ಹೇಳಿದಳು: "ಅಕ್ಕ ಮನಸ್ಸಲ್ಲಿ ಏನೂ ಇಟ್ಕಂಡಿಲ್ಲ. ತಲೆ ಎತ್ರಪ್ಪ."

ಬದನೆಗಳು ಎತ್ತಲು ನೋಡಿದವು. ಆಗಲಿಲ್ಲ. ಮಾದಕ್ಕ ಮನ್ನಿಸಿದ್ದಳು, ಅವು ಮರೆತಿರಲಿಲ್ಲ.

ನಿನಗೊಂದು ಮಾತು ಹೇಳಲಾ? ನಿನ್ನೆ ಎದುರುಮನೆಯ ತಿಪ್ಪಕ್ಕನಿಗೆ ನಾನು ಬೆಂಡೆಕಾಯಿ ಕೊಟ್ಟೆನಲ್ಲ, ಅವು ಬಲಿತಿದ್ದವು. ತುದಿ ಮುರಿಯಲು ಹೋದರೂ ಮುರಿಯದಷ್ಟು ನಾರಾಗಿದ್ದವು. ಎಳೆಯವನ್ನು ನಾವೇ ಉಂಡೆವು. ಅವಳು ಇವತ್ತು ಪಾತ್ರೆಯಲ್ಲಿ ನುಗ್ಗೆಸೊಪ್ಪು ತುಂಬಿ ಕಳಿಸಿ, ನಿಮ್ಮ ಬೆಂಡೆಕಾಯಿ ಬಲು ಚೆನ್ನಾಗಿತ್ತು ಅಂದಳು. ಅದಕ್ಕೇ ಬೆಳಗಿನಿಂದ ನನಗೆ ಊಟ ಸೇರಿಲ್ಲ. ಏಳು, ಬುಟ್ಟಿ ತಗೋ. ಹಿತ್ತಲಲ್ಲಿ ಎಳೆಯ ಬದನೆ ಇವೆ. ಎಲ್ಲವನ್ನೂ ಕಿತ್ತು ಅವಳಿಗೆ ಕೊಟ್ಟು, ನಿನ್ನೆಯದನ್ನೂ ಹೇಳಿ ಬರೋಣ.

ನೋಡು, ಬೆಂಡೆ ಪಕ್ಕದಲ್ಲೇ ನೆಟ್ಟಗೆ ನಿಂತಿದ್ದರೂ ಬದನೆ ಇವತ್ತಿಗೂ ಮುಳ್ಳಿನ ಟೊಪ್ಪಿ ಎಳೆದುಕೊಂಡು ನೆಲ ನೋಡುತ್ತಿದೆ, ಅದನ್ನು ಕೀಳಬೇಕಾದರೆ ನಿನ್ನ ಅಜ್ಜಿಯೂ ತಲೆ ತಗ್ಗಿಸಲೇಬೇಕು.